ವಿಂಟರ್ ಟೈರಾ, ಆಲ್ ಸೀಸನ್ನಾ? ಒಂದೇ ಸಣ್ಣ ಕಾರಿಗೆ ಮೂರು ಸೆಟ್ ಹಾಕಿ ನೋಡಿದೆ

ಮೈನಸ್ 8 ಡಿಗ್ರಿ ಇದ್ದ ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಎರಡು ಟೈರುಗಳನ್ನು ಪಕ್ಕಪಕ್ಕ ನಿಲ್ಲಿಸಿದೆ. ಹೆಬ್ಬೆರಳಿನ ಉಗುರಿನಿಂದ ಒಂದೊಂದನ್ನೂ ಒತ್ತಿ ನೋಡಿದೆ. ಹಳೆಯ ಆಲ್ ಸೀಸನ್ ಟೈರು, ಅಂದರೆ ವರ್ಷವಿಡೀ ಓಡಿಸಲು ಮಾಡಿದ್ದು, ಮರದ ತುಂಡಿನ ಹಾಗಿತ್ತು. ಉಗುರು ಜಾರಿತೇ ಹೊರತು ಗುರುತು ಬೀಳಲಿಲ್ಲ. ವಿಂಟರ್ ಟೈರಿನಲ್ಲಿ ಉಗುರು ಸ್ವಲ್ಪ ಒಳಗಿಳಿಯಿತು. ತೆಗೆದ ಮೇಲೂ ಒಂದೆರಡು ಕ್ಷಣ ಸಣ್ಣ ಗೆರೆ ಕಾಣುತ್ತಿತ್ತು. ಎರಡೂ ರಾತ್ರಿಯಿಡೀ ಒಂದೇ ಚಳಿಯಲ್ಲಿ ಕೂತಿದ್ದ ಟೈರುಗಳು. ಚಳಿಗಾಲದ ಟೈರು ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಆವತ್ತು.

ನನ್ನದು ಮುಂದಿನ ಚಕ್ರಗಳಿಂದ ಓಡುವ ಸಣ್ಣ ಹ್ಯಾಚ್‌ಬ್ಯಾಕ್. ಟೈರಿನ ಅಳತೆ 175/65 ಆರ್14. ಹಿಮ ಬೀಳುವ ಕಡೆ ಇದೇ ಕಾರಿಗೆ ನಾಲ್ಕು ಚಳಿಗಾಲದಲ್ಲಿ ಮೂರು ಸೆಟ್ ಟೈರು ಹಾಕಿ ಓಡಿಸಿದ್ದೇನೆ. ಮೊದಲನೆಯದು ಕಾರಿನ ಜೊತೆಗೇ ಬಂದ ಆಲ್ ಸೀಸನ್. ಎರಡನೆಯದು ಪೂರಾ ವಿಂಟರ್ ಟೈರು. ಮೂರನೆಯದು ಪರ್ವತ ಮತ್ತು ಹಿಮದ ಗುರುತು ಇರುವ ಹೊಸ ಬಗೆಯ ಆಲ್ ಸೀಸನ್. ಮೊದಲನೆಯದಕ್ಕೂ ಮೂರನೆಯದಕ್ಕೂ ಹೆಸರು ಒಂದೇ. ಗುಣ ಮಾತ್ರ ಬೇರೆ ಬೇರೆ. ಟೈರು ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಗುರುತಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಟೈರಿನ ಪಕ್ಕದಲ್ಲಿ 'ಎಂ ಪ್ಲಸ್ ಎಸ್' ಅಂತ ಇರುತ್ತದೆ. ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ. ನೋಡಿದರೆ ಹಿಮಕ್ಕೂ ಆಗುತ್ತದೆ ಅಂತಲೇ ಅನಿಸುತ್ತದೆ, ಅಲ್ವಾ? ಆದರೆ ಈ ಅಕ್ಷರ ಹಾಕಲು ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಬೇಕಾಗಿಲ್ಲ. ಟೈರಿನ ಮೈಮೇಲಿನ ಗೀರುಗಳ ವಿನ್ಯಾಸ ನೋಡಿಯೇ ಹಾಕುತ್ತಾರೆ. ಇನ್ನೊಂದು ಗುರುತು ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು. ಇದು 1999ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾಯಿತು. ಇದಕ್ಕೆ ಗಟ್ಟಿಯಾಗಿ ತುಳಿದ ಹಿಮದ ಮೇಲೆ ನಿಜವಾದ ಪರೀಕ್ಷೆ ಇದೆ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬರೀ ಎಂ ಪ್ಲಸ್ ಎಸ್ ಇದ್ದರೆ ಚಳಿಗಾಲದ ಟೈರು ಅಂತ ಲೆಕ್ಕಕ್ಕಿಲ್ಲ, ಬೆಟ್ಟದ ಗುರುತು ಇರಲೇಬೇಕು. ನಾನು ಮೊದಲ ಚಳಿಗಾಲದಲ್ಲಿ ಆ ಎರಡು ಅಕ್ಷರ ನಂಬಿಕೊಂಡೇ ಓಡಾಡಿದೆ.

ಆ ಚಳಿಗಾಲದ ಒಂದು ಬೆಳಿಗ್ಗೆ ಇವತ್ತಿಗೂ ಕಣ್ಣ ಮುಂದಿದೆ. ನಮ್ಮ ಮನೆಯ ಹತ್ತಿರ ಒಂದು ಇಳಿಜಾರು, ಅದರ ಕೊನೆಯಲ್ಲಿ ನಾಲ್ಕು ರಸ್ತೆ ಕೂಡುತ್ತವೆ. ವೇಗ 20ರ ಆಸುಪಾಸು ಇರಬಹುದು. ಬ್ರೇಕ್ ಒತ್ತಿದೆ. ಕಾಲಡಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಟಕಟಕಟಕ ಅಂತ ಹೊಡೆದುಕೊಳ್ಳತೊಡಗಿತು. ಕಾರು ಮಾತ್ರ ನಿಲ್ಲಲಿಲ್ಲ. ನಿಧಾನವಾಗಿ, ನೆಟ್ಟಗೆ, ಕೂಡು ರಸ್ತೆಯ ನಡುವಿನವರೆಗೆ ಜಾರಿಕೊಂಡು ಹೋಯಿತು. ಹಿಂದಿನ ಸೀಟಿನಲ್ಲಿ ಮಗಳು "ಅಪ್ಪಾ, ನಿಲ್ಸು" ಅಂದಳು. ಅಡ್ಡದಿಂದ ಬರುತ್ತಿದ್ದ ವ್ಯಾನಿನವರು ದೂರದಿಂದಲೇ ನೋಡಿ ನಿಲ್ಲಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಆ ವಾರವೇ ವಿಂಟರ್ ಟೈರು ಹುಡುಕಲು ಶುರು ಮಾಡಿದೆ.

ಅಲ್ಲಿಯವರೆಗೆ ನಾನು ಟೈರನ್ನು ಅಳೆಯುತ್ತಿದ್ದುದು 'ಕಾರು ಹೊರಡುತ್ತದಾ ಇಲ್ಲವಾ' ಅನ್ನುವುದರಿಂದ. ಮುಂದಿನ ಚಕ್ರದಿಂದ ಓಡುವ ಸಣ್ಣ ಕಾರಿನಲ್ಲಿ ಇಂಜಿನ್ನಿನ ಭಾರ ಓಡಿಸುವ ಚಕ್ರಗಳ ಮೇಲೆಯೇ ಇರುತ್ತದೆ. ಹಾಗಾಗಿ ಸಾಧಾರಣ ಟೈರಿನಲ್ಲೂ ಹೇಗೋ ಹೊರಟುಬಿಡುತ್ತದೆ. ಅದೇ ಮೋಸ. ಹೊರಟ ಮೇಲೆ ನಿಲ್ಲಬೇಕು, ತಿರುಗಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗಳಿಗೂ ಇದೇ ಮಾತು. ಹೊರಡಲು ಅನುಕೂಲ ಆಗುತ್ತದೆ, ನಿಲ್ಲುವಾಗ ರಬ್ಬರು ಎಷ್ಟು ಹಿಡಿಯುತ್ತದೋ ಅಷ್ಟೇ.

ವಿಂಟರ್ ಟೈರು ಹಿಡಿಯುವುದು ಹೇಗೆ? ಒಂದು, ರಬ್ಬರಿನ ಮಿಶ್ರಣ. ಸಾಮಾನ್ಯ ಟೈರು ಚಳಿ ಹೆಚ್ಚಾದಂತೆ ಗಟ್ಟಿಯಾಗುತ್ತದೆ, ಸುಮಾರು 7 ಡಿಗ್ರಿಗಿಂತ ಕೆಳಗೆ ಅದರ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ ಅಂತ ಟೈರಿನವರ ಲೆಕ್ಕ. ವಿಂಟರ್ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತದೆ. ಎರಡು, ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಮೈಯ, ಒಂದೊಂದು ತುಂಡಿನಲ್ಲೂ ಬ್ಲೇಡಿನಿಂದ ಕೊಯ್ದ ಹಾಗೆ ತೆಳುವಾದ ಸೀಳುಗಳಿರುತ್ತವೆ. ಇವಕ್ಕೆ ಸೈಪ್ ಅನ್ನುತ್ತಾರೆ. ಬೆರಳಿನಿಂದ ಆ ತುಂಡನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ, ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ಟೈರು ಉರುಳುವಾಗ ಆ ನೂರಾರು ಅಂಚುಗಳು ಹಿಮವನ್ನು ಕಚ್ಚುತ್ತವೆ. ಮೂರನೆಯದು ನನಗೆ ಬಹಳ ಇಷ್ಟವಾದ ಸಂಗತಿ. ಟೈರಿನ ಅಗಲವಾದ ಗೀರುಗಳಲ್ಲಿ ಹಿಮ ತುಂಬಿಕೊಳ್ಳುವುದು ಒಳ್ಳೆಯದೇ. ಹಿಮದ ಉಂಡೆ ಕಟ್ಟಿದವರಿಗೆ ಗೊತ್ತು, ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ.

ಇಂಥ ಟೈರು ಹೊಸದೇನಲ್ಲ. ಫಿನ್‌ಲ್ಯಾಂಡಿನಲ್ಲಿ ಈಗಿನ ನೋಕಿಯನ್ ಟೈರ್ಸ್‌ನ ಹಿಂದಿನ ಕಂಪನಿ 1934ರಲ್ಲೇ ಲಾರಿಗಳಿಗೆ ಚಳಿಗಾಲದ ಟೈರು ಮಾಡಿತು. 1936ರಲ್ಲಿ ಕಾರಿಗೂ ಬಂತು. ಆಲ್ ಸೀಸನ್ ಬಂದಿದ್ದು ಎಷ್ಟೋ ವರ್ಷ ತಡವಾಗಿ, 1977ರಲ್ಲಿ ಅಮೆರಿಕದ ಗುಡ್‌ಇಯರ್ 'ಟಿಯೆಂಪೊ' ಮಾಡಿದಾಗ.

ಇನ್ನು ನನ್ನ ಪರೀಕ್ಷೆಗೆ ಬರುತ್ತೇನೆ. ಮೂರನೇ ಸೆಟ್ ತಂದ ವರ್ಷ ವಿಂಟರ್ ಸೆಟ್ ಕೂಡ ಬೇರೆ ರಿಮ್ಮಿನ ಮೇಲೆ ಕೈಯಲ್ಲೇ ಇತ್ತು. ಹಾಗಾಗಿ ಎರಡನ್ನೂ ಒಂದೇ ದಿನ, ಒಂದೇ ಖಾಲಿ ಮೈದಾನದಲ್ಲಿ ನೋಡಲು ಸಾಧ್ಯವಾಯಿತು. ಜಾಕಿ ಹಾಕಿ ನಾಲ್ಕೂ ಚಕ್ರ ಬದಲಾಯಿಸಲು ನನಗೆ 40 ನಿಮಿಷ ಬೇಕಾಯಿತು. ಒಂದು ಬಕೆಟ್ ಇಟ್ಟು, 30 ಕಿಲೋಮೀಟರ್ ವೇಗದಲ್ಲಿ ಬಂದು, ಬಕೆಟ್ಟಿನ ಪಕ್ಕ ಬಂದ ಕೂಡಲೇ ಪೂರ್ತಿ ಬ್ರೇಕ್ ಒತ್ತುವುದು. ಇಳಿದು ಹೆಜ್ಜೆಯಲ್ಲಿ ಅಳೆಯುವುದು. ಐದೈದು ಸಲ ಮಾಡಿದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ವಿಂಟರ್ ಟೈರು ಹೆಚ್ಚು ಕಡಿಮೆ 16 ಹೆಜ್ಜೆಗೆ ನಿಂತಿತು. ಬೆಟ್ಟದ ಗುರುತಿನ ಆಲ್ ಸೀಸನ್ 18ಕ್ಕೆ. ಇಷ್ಟು ಹತ್ತಿರ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ, ನಿಜಕ್ಕೂ ಖುಷಿಯಾಯಿತು. ಮೊದಲ ಸೆಟ್ಟನ್ನು ಅದೇ ಜಾಗದಲ್ಲಿ ಬೇರೆ ವರ್ಷ ನೋಡಿದ್ದು, ಆವತ್ತಿನ ಹಿಮ ಬೇರೆ, ಟೈರೂ ಅರ್ಧ ಸವೆದಿತ್ತು. ಆಗ 25 ಹೆಜ್ಜೆ ದಾಟಿತ್ತು.

ಮೈದಾನದ ಇನ್ನೊಂದು ತುದಿಯಲ್ಲಿ ನೀರು ನಿಂತು ಗಾಜಿನಂತೆ ಮಂಜುಗಡ್ಡೆ ಕಟ್ಟಿತ್ತು. ಅಲ್ಲಿ ವೇಗ 20ಕ್ಕೆ ಇಳಿಸಿದೆ. ವಿಂಟರ್ ಟೈರು 21 ಹೆಜ್ಜೆ, ಆಲ್ ಸೀಸನ್ 28. ಹೆಜ್ಜೆ ಲೆಕ್ಕ ಹಾಕುತ್ತಾ ಎರಡನೇ ಸಲ ನಡೆದೆ, ತಪ್ಪಿತೇನೋ ಅಂತ. ತಪ್ಪಿರಲಿಲ್ಲ. ಏಳು ಹೆಜ್ಜೆ ಅಂದರೆ ಒಂದು ಸಣ್ಣ ಕಾರಿಗಿಂತ ಜಾಸ್ತಿ ಉದ್ದ. ಬೆಟ್ಟದ ಗುರುತಿನ ಪರೀಕ್ಷೆ ನಡೆಯುವುದು ಹಿಮದ ಮೇಲೆ, ಗಡ್ಡೆಯ ಮೇಲಲ್ಲ. ತಿರುವಿನ ಪರೀಕ್ಷೆಯೂ ಅದರಲ್ಲಿಲ್ಲ. ಹಾಗಾಗಿ ಗುರುತು ಒಂದೇ ಇದ್ದರೂ ಗಡ್ಡೆಯ ಮೇಲೆ ಎರಡು ಟೈರು ಒಂದೇ ಥರ ನಡೆದುಕೊಳ್ಳುವುದಿಲ್ಲ. ಯುರೋಪಿನಲ್ಲಿ 2021ರಿಂದ ಟೈರಿನ ಚೀಟಿಯ ಮೇಲೆ ಗಡ್ಡೆಯ ಹಿಡಿತಕ್ಕೇ ಬೇರೆ ಚಿಹ್ನೆ ಕೊಟ್ಟಿದ್ದಾರೆ. ಗಡ್ಡೆ ಕಟ್ಟುವ ರಸ್ತೆಯಲ್ಲಿ ಓಡಾಡುವವರು ಅದನ್ನು ಕೇಳಿ ನೋಡಿ.

ಚಳಿಗಾಲದಲ್ಲಿ ದಿನವೂ ಹಿಮವೇ ಇರುವುದಿಲ್ಲ. ಒಣ ರಸ್ತೆ, ಮಳೆ, ನಡುವೆ ಎರಡು ದಿನ ಬಿಸಿಲು, ಎಲ್ಲಾ ಇರುತ್ತದೆ. ಇಲ್ಲಿ ಆಲ್ ಸೀಸನ್ನೇ ಮೇಲು. ಬಿಸಿಲು ಬಂದು 15 ಡಿಗ್ರಿ ಆದ ದಿನ ವಿಂಟರ್ ಟೈರಿನಲ್ಲಿ ಸ್ಟೇರಿಂಗ್ ತಿರುಗಿಸಿದರೆ ಕಾರು ಅರೆಕ್ಷಣ ಯೋಚನೆ ಮಾಡಿ ತಿರುಗಿದ ಹಾಗಿರುತ್ತದೆ. ಆ ಮೆತ್ತನೆ ತುಂಡುಗಳೆಲ್ಲ ಬಾಗುತ್ತವೆ. ಬಿಸಿ ರಸ್ತೆಯಲ್ಲಿ ಬ್ರೇಕ್ ದೂರವೂ ಹೆಚ್ಚು, ಸವೆತವೂ ಹೆಚ್ಚು. ಬೇಸಿಗೆಯಲ್ಲೂ ಅದನ್ನೇ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಒಂದೇ ಬೇಸಿಗೆಯಲ್ಲಿ ಮುಂದಿನ ಚಳಿಗಾಲದ ಟ್ರೆಡ್ ಕರಗಿಹೋಗುತ್ತದೆ.

ಶಬ್ದದ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಪೆಟ್ರೋಲೂ ಅಷ್ಟೇ, ನನ್ನ ಲೆಕ್ಕಕ್ಕೆ ಸಿಗುವಷ್ಟು ಬದಲಾಗಲಿಲ್ಲ.

ಕೆಲಸದ ಹೊರೆ ಬೇರೆಯೇ ಮಾತು. ವಿಂಟರ್ ಸೆಟ್ ಅಂದರೆ ವರ್ಷಕ್ಕೆ ಎರಡು ಸಲ ಬದಲಾವಣೆ. ಬೇರೆ ರಿಮ್ ಇಲ್ಲದಿದ್ದರೆ ಪ್ರತಿ ಸಲ ಟೈರು ಕಿತ್ತು ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಬೇಕು. ಟೈರಿನ ಅಂಚಿಗೂ ಒಳ್ಳೆಯದಲ್ಲ. ರಿಮ್ ಬೇರೆ ಇಟ್ಟುಕೊಂಡರೆ ಖರ್ಚು ಒಂದೇ ಸಲ, ಆಮೇಲೆ ಸಲೀಸು. ತೆಗೆಯುವಾಗ ಒಳಮೈ ಮೇಲೆ ಸೀಮೆಸುಣ್ಣದಲ್ಲಿ 'ಎಡ ಮುಂದೆ', 'ಬಲ ಹಿಂದೆ' ಅಂತ ಬರೆದಿಡಿ. ಆರು ತಿಂಗಳಾದ ಮೇಲೆ ನೆನಪಿರುವುದಿಲ್ಲ. ಉರುಳುವ ದಿಕ್ಕಿನ ಬಾಣದ ಗುರುತು ಇದ್ದರೆ ಅದನ್ನೂ ನೋಡಿ ಹಾಕಬೇಕು. ಹಾಕಿ 50 ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ ನೋಡಿ. ಗಾಳಿಯನ್ನೂ ಮರೆಯಬೇಡಿ. ಹತ್ತು ಡಿಗ್ರಿ ಚಳಿ ಹೆಚ್ಚಾದರೆ ಟೈರಿನ ಗಾಳಿಯ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ (ಗಾಳಿ ತುಂಬುವಾಗ ಮೀಟರಿನಲ್ಲಿ ನೋಡುವ ಅಳತೆ) ಕಡಿಮೆಯಾಗುತ್ತದೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ದುಡ್ಡು ಉಳಿಸಲು ಎರಡೇ ವಿಂಟರ್ ಟೈರು ತಂದು ಮುಂದೆ ಹಾಕಬೇಡಿ. ಮುಂದಿನದು ರಸ್ತೆಯನ್ನು ಹಿಡಿಯುತ್ತದೆ, ಹಿಂದಿನದು ಹಿಡಿಯುವುದಿಲ್ಲ. ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಸಾಕು, ಹಿಂಭಾಗ ಸುತ್ತಿ ಮುಂದೆ ಬರುತ್ತದೆ. ಮೆಲ್ಲಗೆ ಹೋದರೆ ಆಯಿತು ಅಂತ ಸಮಾಧಾನ ಮಾಡಿಕೊಳ್ಳುವ ವಿಷಯ ಇದಲ್ಲ. ನಾಲ್ಕೂ ಒಂದೇ ಥರದ್ದು ಹಾಕಿ.

ಹೋದ ವರ್ಷ ಅಕ್ಕ ಫೋನ್ ಮಾಡಿದಳು. ಅವಳದ್ದೂ ನನ್ನಂಥದ್ದೇ ಸಣ್ಣ ಕಾರು. "ನೀನು ವಿಂಟರ್ ಟೈರೇ ತಗೋ ಅಂತೀಯ. ಇನ್ನೊಂದು ಸೆಟ್ ಇಡೋಕೆ ನಮ್ಮನೇಲಿ ಜಾಗ ಎಲ್ಲಿದೆಯೋ?" ಅಂದಳು. ಹಿಮ ಬಿದ್ದ ದಿನ ಕೆಲಸಕ್ಕೆ ಹೋಗಲೇಬೇಕಾ ಅಂತ ಕೇಳಿದೆ. "ಇಲ್ಲಪ್ಪ, ಮನೆಯಿಂದಲೇ ಮಾಡಬಹುದು. ರಸ್ತೆ ಕ್ಲೀನ್ ಆದ ಮೇಲೆ ಹೋದರೂ ನಡೆಯುತ್ತೆ." ಹಾಗಾದರೆ ಬೆಟ್ಟದ ಗುರುತಿನ ಆಲ್ ಸೀಸನ್ ತಗೋ, ಸುಮ್ನೆ ಎರಡು ಸೆಟ್ ಯಾಕೆ ಅಂದೆ. ಕೊಳ್ಳುವಾಗ ತಯಾರಾದ ದಿನ ನೋಡು ಅಂತಲೂ ಹೇಳಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3524 ಅಂತಿದ್ದರೆ 2024ರ 35ನೇ ವಾರ. ಅವಳಿಗೆ ಮೊದಲು ತೋರಿಸಿದ ಸೆಟ್ ಐದು ವರ್ಷ ಹಳೆಯದಾಗಿತ್ತು, ಬೇಡ ಅಂದು ಬೇರೆ ತರಿಸಿಕೊಂಡಳು. ಚಳಿಗಾಲ ಪೂರ್ತಿ ಅದರಲ್ಲೇ ಓಡಾಡಿದಳು. ಎರಡು ದಿನ ಮಾತ್ರ ಕಾರು ತೆಗೆಯಲಿಲ್ಲ, ಎರಡೂ ದಿನ ಮಳೆ ಬಿದ್ದು ಅದರ ಮೇಲೆ ಗಡ್ಡೆ ಕಟ್ಟಿತ್ತು.

ನನ್ನ ಕಥೆ ಬೇರೆ. ಬೆಳಗಿನ ಐದೂವರೆಗೆ ಮನೆ ಬಿಡಬೇಕು. ಹಿಮ ತೆಗೆಯುವ ಗಾಡಿ ನಮ್ಮ ರಸ್ತೆಗೆ ಬರುವುದು ಏಳರ ಮೇಲೆ. ಆ ಇಳಿಜಾರು ಅಲ್ಲೇ ಇದೆ. ಅದಕ್ಕೇ ಮೂರನೇ ಸೆಟ್ಟಿನಲ್ಲಿ ಒಂದು ಚಳಿಗಾಲ ಓಡಿಸಿ ನೋಡಿದ ಮೇಲೆ ನಾನು ಮತ್ತೆ ವಿಂಟರ್ ಟೈರಿಗೇ ಬಂದೆ. ಆ ಆಲ್ ಸೀಸನ್ ಸೆಟ್ ಈಗ ಬೇಸಿಗೆಯಿಂದ ಹಿಮ ಶುರುವಾಗುವವರೆಗೆ ಓಡುತ್ತದೆ. ಇದರಲ್ಲಿ ಒಂದು ಲಾಭ ಇದೆ. ಅಕಾಲದಲ್ಲಿ ಹಿಮ ಬಿದ್ದರೆ ಟೈರು ಬದಲಾಯಿಸುವವರೆಗೆ ಭಯ ಇಲ್ಲ.

ಮೊನ್ನೆ ಭಾನುವಾರ ವಿಂಟರ್ ಸೆಟ್ ತೆಗೆದು ತೊಳೆದೆ. ಗೀರುಗಳಲ್ಲಿ ಸಿಕ್ಕಿಕೊಂಡಿದ್ದ ಸಣ್ಣ ಕಲ್ಲುಗಳನ್ನು ಸ್ಕ್ರೂ ಡ್ರೈವರಿನಿಂದ ಒಂದೊಂದಾಗಿ ಕಿತ್ತೆ. ಹೊಸದಿದ್ದಾಗ ಟ್ರೆಡ್ 8 ಮಿಲಿಮೀಟರ್ ಇತ್ತು, ಈಗ ಮುಂದಿನ ಎರಡರಲ್ಲಿ ಐದೂವರೆ, ಹಿಂದಿನ ಎರಡರಲ್ಲಿ ಆರು ಉಳಿದಿದೆ. ನಾಲ್ಕಕ್ಕಿಂತ ಕಡಿಮೆಯಾದರೆ ಹಿಮದ ಮೇಲೆ ಹಿಡಿತ ಬಿಟ್ಟುಹೋಗುತ್ತದೆ. ಆಸ್ಟ್ರಿಯಾದಲ್ಲಂತೂ ಕಾನೂನೇ ಹಾಗಿದೆ, 4 ಮಿಲಿಮೀಟರ್ ಇಲ್ಲದ್ದು ಚಳಿಗಾಲದ ಟೈರೇ ಅಲ್ಲ. ಇನ್ನೊಂದು ಚಳಿಗಾಲ ಬರುತ್ತದೆ ಅಂತ ಲೆಕ್ಕ ಹಾಕಿ, ಸೀಮೆಸುಣ್ಣದಲ್ಲಿ ಬರೆದು, ಶೆಡ್ಡಿನ ಕತ್ತಲೆ ಮೂಲೆಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟೆ.