ಕೈಸಾಲ ವಾಪಸ್ ಬರಬೇಕು: ದಾವೆಯೋ, ಲೋಕ ಅದಾಲತ್ತೋ?

ಮುಂಬಯಿಯ ಮಾಟುಂಗಾದಲ್ಲಿ ಹೋಟೆಲ್ ನಡೆಸುವ ನಮ್ಮೂರಿನವರೊಬ್ಬರು ಪರಿಚಯದವರಿಗೆ ನಾಲ್ಕು ಲಕ್ಷ ರೂಪಾಯಿ ಕೊಟ್ಟು ಕುಳಿತಿದ್ದಾರೆ. ಕೈಯಲ್ಲಿ ಸಾಲಗಾರ ಸಹಿ ಮಾಡಿದ ಪ್ರಾಮಿಸರಿ ನೋಟು (ಹಣ ಮರಳಿಸುವೆನೆಂಬ ಲಿಖಿತ ವಾಗ್ದಾನ) ಇದೆ.

ನೋಟು ಇರುವುದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆ ಹೂಡಬಹುದು. ಸಮನ್ಸ್ ತಲುಪಿದ 10 ದಿನಗಳಲ್ಲಿ ಎದುರಾಳಿ ಹಾಜರಾಗಬೇಕು. ವಾದ ಮಂಡಿಸಲೂ ನ್ಯಾಯಾಲಯದ ಅನುಮತಿ ಪಡೆಯಬೇಕು. ಕಾಗದದ ಮೇಲೆ ಇದು ಚುರುಕು. ಆದರೆ ಅನುಮತಿ ಸಿಕ್ಕಿತೆಂದರೆ ಸಾಧಾರಣ ದಾವೆಯ ನಡಿಗೆಯೇ. ಕೋರ್ಟ್ ಶುಲ್ಕವನ್ನು ಮೊದಲೇ ಕಟ್ಟಬೇಕು, ವಕೀಲರ ಶುಲ್ಕ ಬೇರೆ. ಗೆದ್ದವನಿಗೆ ಸೋತವನು ಖರ್ಚು ಕೊಡಬೇಕೆಂಬುದು 35ನೇ ಕಲಮಿನ ಸಾಮಾನ್ಯ ನಿಯಮ, ನಿಜ. ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಮಂಜೂರಾಗುವ ಮೊತ್ತ ವಕೀಲರಿಗೆ ಕೊಟ್ಟದ್ದಕ್ಕೆ ಸರಿಹೊಂದುವುದು ಅಪರೂಪ. ಸುಳ್ಳು ವಾದ ಹೂಡಿದವನಿಗೆ 35ಎ ಕಲಮಿನಡಿ ವಿಧಿಸುವ ಪರಿಹಾರದ ಮಿತಿಯಂತೂ 3,000 ರೂಪಾಯಿ! ಫೋರ್ಟ್‌ನ ಕೋರ್ಟಿನವರೆಗಿನ ಟ್ಯಾಕ್ಸಿ ಬಾಡಿಗೆಗೇ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ.

ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವ ಲೋಕ ಅದಾಲತ್ತಿಗೆ ಶುಲ್ಕವಿಲ್ಲ. ದಾವೆ ಹೂಡುವ ಮುನ್ನವೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅಲ್ಲಿನ ರಾಜಿಗೆ ಡಿಕ್ರಿಯ, ಅಂದರೆ ಕೋರ್ಟ್ ತೀರ್ಪಿನ, ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಕೊರತೆ ಒಂದೇ: ಎದುರಾಳಿ ಒಪ್ಪದಿದ್ದರೆ ಬರಿಗೈ.

ಸಾಲಗಾರ ಫೋನ್ ಎತ್ತುತ್ತಿದ್ದರೆ ಅದಾಲತ್ತು, ತಲೆ ತಪ್ಪಿಸಿಕೊಳ್ಳುತ್ತಿದ್ದರೆ ದಾವೆ ಎಂದೇ ನಾನು ಹೇಳುತ್ತೇನೆ. ಆದರೆ ಮಾತುಕತೆಯಲ್ಲಿ ದಾವೆ ಹೂಡಲು ಇರುವ 3 ವರ್ಷದ ಕಾಲಮಿತಿ ಜಾರಿಹೋಗದಿರಲಿ. ಅದು ಮುಗಿಯುವ ಮುನ್ನ ಬಾಕಿಯನ್ನು ಒಪ್ಪಿಕೊಂಡ ಸಹಿಯ ಚೀಟಿ ಸಿಕ್ಕರೆ, ಎಣಿಕೆ ಹೊಸದಾಗಿ ಶುರುವಾಗುತ್ತದೆ.