ಸೋಮವಾರ ಒಂಬತ್ತೂವರೆಯ ಕಾಲ್‌ಗೆ ಫೋನಾ, ಇಂಟರ್ನೆಟ್ಟಾ?

ಸೋಮವಾರದ ಫೋನ್ ಕಾಲ್‌ನಲ್ಲಿ ಪಾರ್ಟ್ ನಂಬರ್ ಓದಿದವರು ಹೇಳಿದ್ದು ‘ಎಫ್’. ಸ್ಟೋರ್ಸ್‌ನವರಿಗೆ ಕೇಳಿಸಿದ್ದು ‘ಎಸ್’. ಅಷ್ಟೇ ಆಗಿದ್ದು. ನಲವತ್ತು ಸೀಲ್‌ಗಳು ಪ್ಯಾಕ್ ಆದವು, ಲಾರಿ ಹತ್ತಿದವು, ಹೇಳಿದ ದಿನಕ್ಕೆ ಹೇಳಿದ ಜಾಗದಲ್ಲಿ ಇಳಿದವು. ಒಂದೂ ಪಂಪಿಗೆ ಕೂರಲಿಲ್ಲ.

ಪಂಪುಗಳ ಬಿಡಿಭಾಗ ಮಾರುವ, ರಿಪೇರಿಯನ್ನೂ ಮಾಡಿಕೊಡುವ ಒಂದು ಸಣ್ಣ ಕಂಪನಿಯ ಆಫೀಸ್ ನೋಡಿಕೊಳ್ಳುವವಳು ನಾನು. ಪ್ರತಿ ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಎಲ್ಲರೂ ಒಂದೇ ಕಾಲ್‌ಗೆ ಬರಬೇಕು. ಯಜಮಾನರು, ಲೆಕ್ಕದವರು, ಸ್ಟೋರ್ಸ್‌ನವರು, ಸೇಲ್ಸ್‌ನ ಮೂವರು, ಸದಾ ರಸ್ತೆಯ ಮೇಲೇ ಇರುವ ಐದು ಜನ ಸರ್ವೀಸ್ ಎಂಜಿನಿಯರ್‌ಗಳು. ನನ್ನನ್ನೂ ಸೇರಿಸಿದರೆ ಹನ್ನೆರಡು. ಇವರನ್ನೆಲ್ಲ ಒಟ್ಟಿಗೆ ಕೂರಿಸುವ ಕೆಲಸ ನನ್ನ ತಲೆಗೇ ಕಟ್ಟಿದೆ.

ಎಷ್ಟೋ ವರ್ಷಗಳಿಂದ ನಮ್ಮದು ಫೋನ್ ಬ್ರಿಡ್ಜ್. ಒಂದು ನಂಬರ್‌ಗೆ ಡಯಲ್ ಮಾಡೋದು, ಪಿನ್ ಒತ್ತೋದು, ಒಳಗೆ ಬರೋದು. ಸೀಲ್ ಪ್ರಕರಣ ಆದ ಮೇಲೆ ಯಜಮಾನರು, “ಮೇಡಂ, ಎಲ್ಲರೂ ಇಂಟರ್ನೆಟ್ ಮೀಟಿಂಗ್ ಅಂತಾರಲ್ಲ, ಸ್ವಲ್ಪ ನೋಡಿ ಹೇಳಿ” ಅಂದರು. ಎಂಟು ಸೋಮವಾರ ಹಳೆಯ ಬ್ರಿಡ್ಜ್, ಎಂಟು ಸೋಮವಾರ ಇಂಟರ್ನೆಟ್ ಸೇವೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆ. ಯಾವ ಕಂಪನಿಯ ಸೇವೆ ಅಂತ ಇಲ್ಲಿ ಹೇಳಲ್ಲ. ನಾನು ತೂಗಿ ನೋಡಿದ್ದು ಎರಡು ಬಗೆಯನ್ನು, ಎರಡು ಕಂಪನಿಗಳನ್ನಲ್ಲ.

ಮೊದಲು ಆ ಎಫ್ ಮತ್ತು ಎಸ್ ವಿಷಯ ಮುಗಿಸಿಬಿಡುತ್ತೇನೆ. ಸ್ಟೋರ್ಸ್‌ನ ಹಿರಿಯರ ಕಿವಿ ಮಂದ ಅಂತ ಎಲ್ಲರೂ ನಕ್ಕರು. ಅವರದ್ದೇನೂ ತಪ್ಪಿರಲಿಲ್ಲ. ಹಳೆಯ ಟೆಲಿಫೋನ್ ವ್ಯವಸ್ಥೆ ನಮ್ಮ ದನಿಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್ ತನಕದ ಭಾಗವನ್ನು ಮಾತ್ರ ಸಾಗಿಸುತ್ತದೆ. ಮಾತು ಅರ್ಥವಾಗಲು ಅಷ್ಟು ಸಾಕು ಅಂತ ಹಿಂದೆಯೇ ಲೆಕ್ಕ ಹಾಕಿದ್ದರು. ಸಾಕು ಕೂಡ. ಆದರೆ ಹಲ್ಲಿನ ಸಂದಿಯಿಂದ ಹೊರಡುವ ಸ್‌, ಫ್‌ ಸದ್ದುಗಳನ್ನು ಬೇರೆ ಮಾಡಿ ತೋರಿಸುವ ಅಂಶ ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಅದು ದಾರಿಯಲ್ಲೇ ಕತ್ತರಿಸಿ ಹೋಗಿರುತ್ತದೆ. ಪೂರ್ತಿ ವಾಕ್ಯ ಹೇಳಿದರೆ ತಲೆ ತಾನೇ ತುಂಬಿಕೊಳ್ಳುತ್ತದೆ. ಪಾರ್ಟ್ ನಂಬರ್ ಹೇಳಿದರೆ ತುಂಬಿಕೊಳ್ಳಲು ಹಿಂದೆ ಮುಂದೆ ಏನೂ ಇರಲ್ಲ.

ಮೊಬೈಲ್‌ನಿಂದ ಮೊಬೈಲ್‌ಗೆ ನೇರವಾಗಿ ಮಾಡಿದಾಗ ದನಿ ಚೆನ್ನಾಗಿಯೇ ಇರುತ್ತಲ್ಲ ಅಂತ ಕೇಳಬಹುದು. ನಿಜ. 4ಜಿ ಕರೆಗಳಲ್ಲಿ 7,000 ಹರ್ಟ್ಸ್ ತನಕ ದನಿ ಹೋಗಬಲ್ಲದು. ಅದೇ ಮೊಬೈಲ್‌ನಿಂದ ಹಳೆಯ ಬ್ರಿಡ್ಜ್‌ಗೆ ಹೋದರೆ ಮತ್ತೆ ಆ ಕಿರಿದಾದ ಬಾಗಿಲಲ್ಲೇ ನುಸುಳಬೇಕು.

ಇಂಟರ್ನೆಟ್ ಕಾಲ್‌ನ ಮೊದಲ ಸೋಮವಾರ ನನಗೇ ಆಶ್ಚರ್ಯವಾಯಿತು. ಲೆಕ್ಕದವರು ಕೆಮ್ಮಿದರೆ ಪಕ್ಕದಲ್ಲೇ ಕೆಮ್ಮಿದ ಹಾಗಿತ್ತು. ಇಂಥ ಸೇವೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಓಪಸ್ ಎಂಬ ಕೋಡೆಕ್, ಅಂದರೆ ದನಿಯನ್ನು ಅಡಕ ಮಾಡಿ ಕಳಿಸಿ ಆ ಕಡೆ ಮತ್ತೆ ಬಿಚ್ಚುವ ವಿಧಾನ. 2012ರಲ್ಲಿ ಬಂದದ್ದು. ಕಿವಿಗೆ ಕೇಳಿಸುವ ಬಹುಪಾಲು ಎಲ್ಲ ಸದ್ದನ್ನೂ ಅದು ಸಾಗಿಸಬಲ್ಲದು. ನಾನು ಇಪ್ಪತ್ತು ಪಾರ್ಟ್ ನಂಬರ್‌ಗಳ ಪಟ್ಟಿ ಮಾಡಿ ಒಬ್ಬ ಎಂಜಿನಿಯರ್ ಕೈಲಿ ಓದಿಸಿದೆ, ಸ್ಟೋರ್ಸ್‌ನವರ ಕೈಲಿ ಬರೆಸಿದೆ. ಇಂಟರ್ನೆಟ್‌ನಲ್ಲಿ ಒಂದೂ ತಪ್ಪಿಲ್ಲ. ಬ್ರಿಡ್ಜ್‌ನಲ್ಲಿ ಮೂರು ತಪ್ಪು. ಅಲ್ಲಿಗೆ ತೀರ್ಪು ಮುಗೀತು ಅಂದುಕೊಂಡೆ.

ಎರಡನೇ ಸೋಮವಾರ ಮಳೆ. ಐದು ಎಂಜಿನಿಯರ್‌ಗಳಲ್ಲಿ ಮೂವರು ಗಾಡಿಯಲ್ಲಿದ್ದರು. ಒಬ್ಬರ ಮಾತು ನೀರೊಳಗಿಂದ ಬಂದ ಹಾಗಿತ್ತು. ಇನ್ನೊಬ್ಬರದು ಅರ್ಧಕ್ಕೆ ನಿಂತು, ಆಮೇಲೆ ನಾಲ್ಕು ವಾಕ್ಯ ಒಟ್ಟಿಗೆ ಓಡಿಬಂತು. ಮೂರನೆಯವರು ಬಂದರು, ಹೋದರು, ಬಂದರು, ಹೋದರು. ನೋಟ್‌ಬುಕ್‌ನಲ್ಲಿ ಅವತ್ತು ನಾನು ಬರೆದದ್ದು ಒಂದೇ ಪದ: ‘ತಲೆನೋವು’.

ಇದರ ಕಾರಣ ಹುಡುಕಿಕೊಂಡು ಹೋದಾಗ ನನಗೆ ಈ ಎರಡರ ನಿಜವಾದ ವ್ಯತ್ಯಾಸ ತಿಳಿದದ್ದು. ಹಳೆಯ ಫೋನ್ ವ್ಯವಸ್ಥೆಯಲ್ಲಿ ಕರೆ ಮುಗಿಯುವ ತನಕ ನಿಮಗಾಗಿ ಒಂದು ದಾರಿ ಕಾದಿರಿಸಿರುತ್ತದೆ. ಸೆಕೆಂಡಿಗೆ 64 ಕಿಲೋಬಿಟ್, ನೀವು ಮಾತಾಡಿದರೂ ಅಷ್ಟೇ, ಸುಮ್ಮನಿದ್ದರೂ ಅಷ್ಟೇ. ಇಂಟರ್ನೆಟ್‌ನಲ್ಲಿ ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಒಂದೊಂದು ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಬೇರೆಯವರ ವಿಡಿಯೋ, ಫೈಲು, ಆಟ ಎಲ್ಲ ಹೋಗುವ ರಸ್ತೆಯಲ್ಲೇ ಇವೂ ಹೋಗಬೇಕು. ಕೆಲವು ತಡವಾಗಿ ತಲುಪುತ್ತವೆ, ಕೆಲವು ತಲುಪುವುದೇ ಇಲ್ಲ. ಇ-ಮೇಲ್ ಆಗಿದ್ದರೆ ಕಳೆದದ್ದನ್ನು ಇನ್ನೊಮ್ಮೆ ತರಿಸಬಹುದು. ಮಾತಿಗೆ ಅಷ್ಟು ಹೊತ್ತು ಕಾಯಲು ಆಗಲ್ಲ. ಹೋದದ್ದು ಹೋಯಿತು ಅಂತ ಆಪ್ ಆ ಸಂದಿಯನ್ನು ಊಹೆಯಿಂದ ತುಂಬುತ್ತದೆ. ಆ ರೋಬೋಟ್ ದನಿ ಹುಟ್ಟುವುದು ಹಾಗೆ.

“4ಜಿ ಫೋನ್ ಕರೆಯೂ ಡೇಟಾನೇ ಅಲ್ವಾ? ಅದೇ ಜಾಗದಲ್ಲಿ ಕರೆ ಮಾಡಿದ್ರೆ ಚೆನ್ನಾಗಿರುತ್ತೆ, ಆಪ್‌ನಲ್ಲಿ ಯಾಕೆ ಹೀಗೆ?” ಅಂತ ಒಬ್ಬ ಎಂಜಿನಿಯರ್ ಕೇಳಿದರು. ಒಳ್ಳೆಯ ಪ್ರಶ್ನೆ. 4ಜಿಯಲ್ಲಿ ಮಾಮೂಲು ಕರೆಯೂ ಪೊಟ್ಟಣಗಳಲ್ಲೇ ಹೋಗುತ್ತದೆ. ಆದರೆ ಮೊಬೈಲ್ ಕಂಪನಿ ಅದಕ್ಕೆ ಆದ್ಯತೆ ಕೊಟ್ಟು, ಇಷ್ಟು ಜಾಗ ನಿನ್ನದೇ ಅಂತ ಮೀಸಲಿಡುತ್ತದೆ. ಆಪ್‌ನ ದನಿಗೆ ಆ ಭಾಗ್ಯ ಇಲ್ಲ. ಅದು ಎಲ್ಲರ ಡೇಟಾದ ಜೊತೆ ಸಾಲಿನಲ್ಲಿ ನಿಲ್ಲಬೇಕು. ಟವರ್ ಮೇಲೆ ಜನ ಜಾಸ್ತಿಯಾದಾಗ ಮೊದಲು ಒದ್ದಾಡುವುದು ಅದೇ.

ಇನ್ನೊಂದು ಕಾಟ ತಡ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಲು 150 ಮಿಲಿಸೆಕೆಂಡಿನ ಒಳಗೆ ಆದರೆ ಗೊತ್ತೇ ಆಗಲ್ಲ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂಚನೆ ಹೇಳುತ್ತದೆ. ಇದಕ್ಕೆ ಜೊತೆಯಾಗಿ 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿದವರಿದ್ದಾರೆ. ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವೆ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಅಷ್ಟೇ ಇರುತ್ತದಂತೆ. ಈಗ ನೀವೇ ಲೆಕ್ಕ ಹಾಕಿ. ತಡವೇ 300 ಆದರೆ, ಅವರು ಸುಮ್ಮನಾದರು ಅಂತ ನೀವು ಬಾಯಿ ತೆರೆಯುವ ಹೊತ್ತಿಗೆ ಇನ್ನೊಬ್ಬರು ಶುರುಮಾಡಿ ಆಗಿರುತ್ತದೆ. “ಹೇಳಿ ಹೇಳಿ”, “ಇಲ್ಲ, ನೀವು ಹೇಳಿ”, “ಪರವಾಗಿಲ್ಲ, ನೀವೇ”. ಒಂದು ಸೋಮವಾರ ಇದನ್ನು ಎಣಿಸಿದೆ. ಹದಿನಾಲ್ಕು ಸಲ. ನಮ್ಮ ಯಜಮಾನರು ಯಾರಿಗೂ ‘ನೀವೇ ಹೇಳಿ’ ಅನ್ನುವವರಲ್ಲ. ಅವರೇ ಮೂರು ಸಲ ಅಂದರು.

ಹಾಗಂತ ಬ್ರಿಡ್ಜ್ ಏನು ಸಾಧು ಅಲ್ಲ. ಅಲ್ಲಿ ಯಾರ ಕಡೆಯಿಂದ ಗಲಾಟೆ ಬರುತ್ತಿದೆ ಅಂತ ಕಣ್ಣಿಗೆ ಕಾಣಲ್ಲ. ಒಮ್ಮೆ ಸೇಲ್ಸ್‌ನವರೊಬ್ಬರು ಬೇರೆ ಕರೆ ಬಂತು ಅಂತ ನಮ್ಮನ್ನು ಹೋಲ್ಡ್‌ನಲ್ಲಿ ಇಟ್ಟು ಹೋದರು. ಅವರ ಆಫೀಸ್ ಫೋನಿನ ಹೋಲ್ಡ್ ಸಂಗೀತ ಉಳಿದ ಹನ್ನೊಂದು ಜನರಿಗೆ ಏಳು ನಿಮಿಷ ಕೇಳಿಸಿತು. “ಯಾರ್ರೀ ಅದು?” ಅಂತ ಯಜಮಾನರು ಕಿರುಚಿದ್ದು ಹೋಲ್ಡ್ ಹಾಕಿದವರಿಗೆ ಕೇಳಿಸುವ ಹಾಗಿರಲಿಲ್ಲ. ಇಂಟರ್ನೆಟ್ ಸಭೆಯಲ್ಲಾಗಿದ್ದರೆ ಅವರ ಹೆಸರಿನ ಪಕ್ಕ ಮೈಕ್ ಗುರುತು ಮಿನುಗುತ್ತಿತ್ತು, ನಾನು ಒಂದು ಒತ್ತಿನಲ್ಲಿ ಮ್ಯೂಟ್ ಮಾಡುತ್ತಿದ್ದೆ.

ಅದಕ್ಕಿಂತ ಗಂಭೀರವಾದದ್ದು ಪಿನ್. ನಮ್ಮ ಬ್ರಿಡ್ಜ್ ಪಿನ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಹುಡುಕಿದೆ. ಬದಲಾಯಿಸಿಯೇ ಇರಲಿಲ್ಲ. ಅಂದರೆ ಕೆಲಸ ಬಿಟ್ಟು ಹೋದವರೆಲ್ಲರಿಗೂ ಅದು ಗೊತ್ತು. ಯಾರಾದರೂ ಒಳಗೆ ಬಂದರೆ ಒಂದು ‘ಬೀಪ್’ ಕೇಳಿಸುತ್ತದೆ, ನಿಜ. ಹನ್ನೆರಡು ಬೀಪ್‌ಗಳ ನಡುವೆ ಹದಿಮೂರನೆಯದನ್ನು ಎಣಿಸಿದವರು ಯಾರು? ಅವತ್ತೇ ಪಿನ್ ಬದಲಾಯಿಸಿದೆ. ನಿಮ್ಮಲ್ಲೂ ಬ್ರಿಡ್ಜ್ ಇದ್ದರೆ ಓದುವುದು ನಿಲ್ಲಿಸಿ ಮೊದಲು ಅದನ್ನು ನೋಡಿ.

ಇಂಟರ್ನೆಟ್ ಸೇವೆಯಲ್ಲಿ ಕಾಯುವ ಕೋಣೆ ಇದೆ. ಬಂದವರ ಹೆಸರು ನೋಡಿ ಒಳಗೆ ಬಿಡಬಹುದು. ಆದರೆ ಒಂದು ಸೂಕ್ಷ್ಮ ಗೊತ್ತಿರಲಿ. ಕೆಲವು ಸೇವೆಗಳಲ್ಲಿ ಈ ತುದಿಯಿಂದ ಆ ತುದಿಗೆ ಗೂಢಲಿಪಿ ಮಾಡುವ ಸೌಲಭ್ಯವಿದೆ, ಝೂಮ್‌ನಲ್ಲೂ ಇದೆ. ಅದನ್ನು ಆನ್ ಮಾಡಿದರೆ ಫೋನ್ ನಂಬರ್‌ನಿಂದ ಸೇರುವ ದಾರಿ ಮುಚ್ಚಿಹೋಗುತ್ತದೆ. ಮಾಮೂಲು ಫೋನ್‌ಗೆ ಆ ಬೀಗ ಬಿಚ್ಚಲು ಬರಲ್ಲವಲ್ಲ. ಎರಡೂ ಬೇಕು ಅಂದರೆ ಸಿಗಲ್ಲ.

ಪರದೆ ಹಂಚಿಕೊಳ್ಳುವ ವಿಷಯದಲ್ಲಿ ಮಾತ್ರ ಚರ್ಚೆಯೇ ಇಲ್ಲ. ಸ್ಟಾಕ್ ಶೀಟ್ ಎಲ್ಲರ ಮುಂದೆ ತೆರೆದಿಟ್ಟ ದಿನ ಸಭೆ ಇಪ್ಪತ್ತೈದು ನಿಮಿಷಕ್ಕೇ ಮುಗಿಯಿತು. ಮೊದಲು ನಲವತ್ತೈದು ಆಗುತ್ತಿತ್ತು. ಒಬ್ಬ ಎಂಜಿನಿಯರ್ ಸವೆದ ಇಂಪೆಲ್ಲರ್‌ನ, ಅಂದರೆ ಪಂಪಿನೊಳಗೆ ತಿರುಗುವ ಚಕ್ರದ, ಫೋಟೋ ತೋರಿಸಿದರು. ಅದನ್ನು ಬಾಯಿಮಾತಲ್ಲಿ ಹೇಳಿಸಿಕೊಂಡಿದ್ದರೆ ಹತ್ತು ನಿಮಿಷ ಹೋಗುತ್ತಿತ್ತು, ಆಮೇಲೂ ಅರ್ಥ ಆಗುತ್ತಿರಲಿಲ್ಲ.

ಮುಖ ತೋರಿಸುವ ವಿಡಿಯೋ ಎರಡು ವಾರ ನಡೆಸಿ ನಿಲ್ಲಿಸಿದೆ. ಯಜಮಾನರು ಸಭೆ ಪೂರ್ತಿ ತಮ್ಮ ಮೀಸೆಯನ್ನೇ ನೋಡಿಕೊಳ್ಳುತ್ತಿದ್ದರು. ಅವರೊಬ್ಬರೇ ಅಲ್ಲ, ತನ್ನ ಮುಖವನ್ನೇ ಸದಾ ಎದುರಿಗೆ ಕಾಣುವುದು ವಿಡಿಯೋ ಸಭೆಯ ಆಯಾಸಕ್ಕೆ ಒಂದು ಕಾರಣ ಅಂತ ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದಿದ್ದಾರೆ. ಬರೀ ದನಿಗೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಡ. ಸ್ಪಷ್ಟ ವಿಡಿಯೋಗೆ ಅದರ ಹತ್ತು ಪಟ್ಟಿಗಿಂತ ಜಾಸ್ತಿ ಬೇಕು. ಮೀಸೆಗೋಸ್ಕರ ಅಷ್ಟು ಖರ್ಚು ಮಾಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಹೆಡ್‌ಸೆಟ್ ಬಗ್ಗೆ ಒಂದು ಮಾತು. ಲೆಕ್ಕದವರು ಹೊಸ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಬಂದ ದಿನ ಅವರ ದನಿ ಹಳೆಯ ಫೋನಿನ ಹಾಗಾಯಿತು. ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದರೆ ಹೆಚ್ಚಿನ ಹೆಡ್‌ಸೆಟ್‌ಗಳು ಹಾಡು ಕೇಳುವ ಗುಣಮಟ್ಟ ಬಿಟ್ಟು ಫೋನ್ ಗುಣಮಟ್ಟಕ್ಕೆ ಇಳಿಯುತ್ತವೆ. ತಂತಿಯ ಹೆಡ್‌ಸೆಟ್ ಕೊಟ್ಟೆ, ಸರಿಹೋಯಿತು. ಅವರಿಗೆ ಬೇಜಾರಾಯಿತು, ಅದು ಬೇರೆ ವಿಷಯ.

ಖರ್ಚು ಲೆಕ್ಕ ಹಾಕುವ ರೀತಿಯೇ ಬೇರೆ ಬೇರೆ. ನಮ್ಮ ಬ್ರಿಡ್ಜ್‌ನಲ್ಲಿ ತಲೆಗೆ, ನಿಮಿಷಕ್ಕೆ. ಹನ್ನೆರಡು ಜನ, ನಲವತ್ತೈದು ನಿಮಿಷ ಅಂದರೆ ಬಿಲ್‌ನಲ್ಲಿ 540 ನಿಮಿಷ. ಹೋಲ್ಡ್ ಸಂಗೀತ ಕೇಳಿದ ಏಳು ನಿಮಿಷಕ್ಕೂ ಹನ್ನೆರಡು ತಲೆಯ ದುಡ್ಡು ಕೊಟ್ಟಿದ್ದೇವೆ. ಇಂಟರ್ನೆಟ್ ಸೇವೆಯಲ್ಲಿ ಸಭೆ ಕರೆಯುವವರಿಗೆ ತಿಂಗಳ ಬಾಡಿಗೆ, ಸೇರುವವರಿಗೆ ಏನೂ ಇಲ್ಲ. ಉಚಿತ ಪ್ಲಾನ್ ನೋಡಿ ಮರುಳಾಗಬೇಡಿ. ಝೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿದುಹೋಗುತ್ತದೆ. ನಮ್ಮ ಯಜಮಾನರ ಮುನ್ನುಡಿಗೇ ಹತ್ತು ನಿಮಿಷ ಬೇಕು.

ನಂಬಿಕೆಯ ವಿಷಯಕ್ಕೆ ಬಂದರೆ, ನಂಬರ್ ಅನ್ನುವುದು ಅಪ್‌ಡೇಟ್ ಕೇಳಲ್ಲ. ಆಪ್ ಕೇಳುತ್ತದೆ, ಅದೂ ಒಂಬತ್ತು ಇಪ್ಪತ್ತೆಂಟಕ್ಕೆ. ಬ್ರೌಸರ್‌ನಲ್ಲೇ ಸೇರುವ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಇನ್ನು ಆಪ್‌ಗಳಿಗೂ ಆಯಸ್ಸು ಇದೆ. 2003ರಲ್ಲಿ ಶುರುವಾಗಿ ಇಂಟರ್ನೆಟ್ ಕರೆ ಅಂದರೆ ಅದೇ ಅನ್ನುವಷ್ಟು ಬೆಳೆದಿದ್ದ ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಹಾಗಾದರೆ ಹಳೆಯ ಫೋನೇ ಗಟ್ಟಿ ಅಂತ ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಕರೆಂಟ್ ಬರುತ್ತಿತ್ತು, ಕಟ್ಟಡದಲ್ಲಿ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಅಂಥ ಜಾಲಗಳನ್ನೇ ಈಗ ಒಂದೊಂದು ದೇಶ ಮುಚ್ಚುತ್ತಿದೆ. ನಿಮ್ಮ ಮೇಜಿನ ಫೋನ್ ಹಿಂದಿನ ತಂತಿ ರೌಟರ್‌ಗೆ ಹೋಗಿದ್ದರೆ, ನೀವೂ ಆಗಲೇ ಇಂಟರ್ನೆಟ್ ಫೋನ್‌ನವರೇ. ರೌಟರ್ ಆರಿದರೆ ಫೋನೂ ಆರುತ್ತದೆ.

ಹದಿನಾರು ಸೋಮವಾರ ಆದ ಮೇಲೆ ನಾನು ಯಜಮಾನರಿಗೆ ಕೊಟ್ಟ ಚೀಟಿಯಲ್ಲಿ ಹೀಗೆ ಬರೆದಿದ್ದೆ: ‘ಇಂಟರ್ನೆಟ್ ಸೇವೆ ತೆಗೆದುಕೊಳ್ಳೋಣ. ಆದರೆ ಫೋನ್ ನಂಬರ್‌ನಿಂದ ಸೇರುವ ಸೌಲಭ್ಯ ಇರುವ ಪ್ಲಾನ್ ಮಾತ್ರ.’ ಸಾಮಾನ್ಯವಾಗಿ ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಕೊಡೋಣ ಅಂದೆ. ಹನ್ನೊಂದು ಜನರ ದನಿ ಗಾಜಿನ ಹಾಗಿದ್ದು, ಸೈಟ್‌ನಲ್ಲಿ ಪಂಪ್ ಮುಂದೆ ನಿಂತ ಒಬ್ಬರ ಮಾತು ಮಾತ್ರ ಕೇಳಿಸದಿದ್ದರೆ, ನಾವು ಸಭೆ ಸೇರಿದ್ದೇ ದಂಡ. ಅವತ್ತು ಬೇಕಾದ ಸುದ್ದಿ ಇರುವುದು ಅವರ ಹತ್ತಿರವೇ.

ಈಗ ಆಹ್ವಾನದಲ್ಲಿ ಲಿಂಕ್ ಕೆಳಗಿದೆ, ಫೋನ್ ನಂಬರ್ ಮೇಲೆ ದಪ್ಪಕ್ಷರದಲ್ಲಿದೆ. ಆಫೀಸ್‌ನವರು ಕೇಬಲ್ ಹಾಕಿದ ಕಂಪ್ಯೂಟರ್‌ನಿಂದ ಬರುತ್ತಾರೆ. ರಸ್ತೆಯಲ್ಲಿರುವವರು ಡಯಲ್ ಮಾಡಿ ಬರುತ್ತಾರೆ. ಫೋನ್‌ನಿಂದ ಬಂದವರ ದನಿಗೆ ಆ ಹಳೆಯ 3,400ರ ಗೋಡೆ ಹಾಗೇ ಇದೆ. ಅದಕ್ಕೆ ಪಾರ್ಟ್ ನಂಬರ್ ಹೇಳಿದ ಕೂಡಲೇ ನಾನು ಅದನ್ನು ಚಾಟ್‌ನಲ್ಲಿ ಟೈಪ್ ಮಾಡಿ, ಗಟ್ಟಿಯಾಗಿ ಓದಿ ಹೇಳುತ್ತೇನೆ. ವಿಮಾನದವರ ಹಾಗೆ ‘ಫಾಕ್ಸ್‌ಟ್ರಾಟ್’, ‘ಸಿಯೆರಾ’ ಅನ್ನೋಣ ಅಂತ ಸಲಹೆ ಕೊಟ್ಟಿದ್ದೆ, ಯಾರಿಗೂ ನೆನಪಿರಲಿಲ್ಲ. ಸ್ಟೋರ್ಸ್‌ನ ಹಿರಿಯರು ತಾವೇ ಒಂದು ಪಟ್ಟಿ ಮಾಡಿ ಹಂಚಿದರು. ಎಫ್ ಅಂದರೆ ಫ್ಯಾನ್, ಎಸ್ ಅಂದರೆ ಸ್ಕ್ರೂ. ಯಜಮಾನರೂ ಅದನ್ನೇ ಹೇಳುತ್ತಾರೆ.

ಆ ನಲವತ್ತು ಸ್ಕ್ರೂ-ಸೀಲ್‌ಗಳಲ್ಲಿ ಒಂಬತ್ತು ಮಾರಿದ್ದೇವೆ. ಮೂವತ್ತೊಂದು ಇನ್ನೂ ಮೂರನೇ ರ‍್ಯಾಕ್‌ನಲ್ಲಿವೆ.