ಬೇಸಿಗೆ ಸೈಕಲ್ ಟೂರ್ ಅಂತ ಮಕ್ಕಳನ್ನ ಕಳಿಸೋ ಮುಂಚೆ ಇದನ್ನ ಓದಿ (ಉದ್ದ ಇದೆ, ಕ್ಷಮಿಸಿ)

ಮೊದಲೇ ಹೇಳ್ಬಿಡ್ತೀನಿ, ಇದು ಸೈಕಲ್ ಬಗ್ಗೆ ಏನೂ ಗೊತ್ತಿಲ್ದೋನು ಮೋಸ ಹೋದ ಕಥೆ ಅಲ್ಲ. ಆರು ವರ್ಷದಿಂದ ಭಾನುವಾರ ಬಂತು ಅಂದ್ರೆ ನಂದಿಬೆಟ್ಟ, ಇಲ್ಲಾಂದ್ರೆ ಮಂಚನಬೆಲೆ ಕಡೆ ಸೈಕಲ್ ಹೊಡೆಯೋನು ನಾನು. ಪಂಕ್ಚರ್ ಹಾಕೋದು, ಚೈನ್‌ಗೆ ಎಣ್ಣೆ ಬಿಡೋದು ಎಲ್ಲಾ ಬರುತ್ತೆ. ಅಂಥಾ ನಾನೇ ಅಕ್ಕನ ಮಗನನ್ನ ಕರ್ಕೊಂಡೋಗಿ ಇವರ ಕೈಗೆ ಒಪ್ಪಿಸಿ, 12,500 ರೂಪಾಯಿ ಕೊಟ್ಟು, ಮೇಲೆ ಟಾಟಾ ಬೇರೆ ಮಾಡಿ ಬಂದಿದೀನಿ. ಅದಕ್ಕೇ ಇಷ್ಟು ಉರೀತಿರೋದು. ಸಂಸ್ಥೆ ಹೆಸರು ಹಾಕ್ತಿಲ್ಲ, ದೂರು ಕೊಟ್ಟಿದೀನಿ, ಅದು ಮುಗಿಯೋವರೆಗೂ ಹಾಕ್ಬೇಡ ಅಂತ ವಕೀಲ ಸ್ನೇಹಿತ ಹೇಳಿದಾನೆ.

ಹುಡುಗ ಎಸ್ಸೆಸ್ಸೆಲ್ಸಿ ಬರ್ದು ಮುಗಿಸಿದ್ದ, ಬೆಳಗಿಂದ ರಾತ್ರಿವರೆಗೂ ಮೊಬೈಲು. ಅಕ್ಕ ದಿನಾ ಫೋನ್ ಮಾಡಿ ಏನಾದ್ರೂ ಕ್ಯಾಂಪ್ ನೋಡೋ ಅಂತಿದ್ಳು. ಅದೇ ಟೈಮಿಗೆ ಇನ್‌ಸ್ಟಾಗ್ರಾಮಲ್ಲಿ ಇವರ ಪೋಸ್ಟರ್ ಬಂತು. 13ರಿಂದ 17 ವರ್ಷದ ಮಕ್ಕಳಿಗೆ ಬೆಂಗಳೂರಿಂದ ಮೈಸೂರಿಗೆ 5 ದಿನ ಸೈಕಲ್ ಟೂರ್. ಕನಕಪುರ, ಗಗನಚುಕ್ಕಿ, ಸೋಮನಾಥಪುರ, ಶ್ರೀರಂಗಪಟ್ಟಣ, ಆಮೇಲೆ ಮೈಸೂರಿಂದ ರೈಲಲ್ಲಿ ವಾಪಸ್. ಗೇರ್ ಸೈಕಲ್ ಅವರದ್ದೇ, ಹೆಲ್ಮೆಟ್ ಅವರದ್ದೇ, ಹಿಂದೆ ಸಪೋರ್ಟ್ ವ್ಯಾನು, ಫಸ್ಟ್ ಏಡ್ ಗೊತ್ತಿರೋ ಲೀಡರ್‌ಗಳು. ನಿಜ ಹೇಳ್ಬೇಕಂದ್ರೆ ನನಗೇ ಹೋಗೋಣ ಅನ್ನಿಸ್ತು. ಭಾವ ಮಾತ್ರ ಮೊದಲಿಂದ್ಲೂ ಬೇಡ ಅಂದ್ರು, ಈ ಬಿಸಿಲಲ್ಲಿ ಏನ್ ಸೈಕಲ್ಲು ಅಂತ. ನಾನೇ ಒಪ್ಪಿಸಿದ್ದು, ನಾನ್ ನೋಡ್ಕೋತೀನಿ ಭಾವ ಅಂದ್ಬಿಟ್ಟೆ.

ಸುಳಿವು ಆಗ್ಲೇ ಸಿಕ್ಕಿತ್ತು. ಅವರು ಕಳಿಸಿದ ಪಿಡಿಎಫ್‌ನಲ್ಲಿ ಮೊದಲನೇ ದಿನದ್ದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಅಂತ ಇತ್ತು. ಅಲ್ರೀ, ಅಲ್ಲಿ 2023ರ ಆಗಸ್ಟ್‌ನಿಂದ ಬೈಕನ್ನೇ ಬಿಡಲ್ಲ, ಸೈಕಲ್ ಬಿಡ್ತಾರಾ? ಕೇಳಿದ್ದಕ್ಕೆ "ಟೈಪಿಂಗ್ ಮಿಸ್ಟೇಕ್ ಸರ್, ನಾವು ಹೋಗೋದು ಕನಕಪುರ ರೋಡ್" ಅಂದ್ರು. ಸರಿ ಬಿಡು ಅಂದ್ಕೊಂಡೆ. ಮೈಸೂರಿಗೆ ಸೈಕಲ್ ಟೂರ್ ಮಾಡೋರಿಗೆ ಆ ಎಕ್ಸ್‌ಪ್ರೆಸ್‌ವೇಲಿ ಸೈಕಲ್ ಬಿಡಲ್ಲ ಅಂತಾನೇ ಗೊತ್ತಿಲ್ಲ ಅಂದ್ರೆ ಅಲ್ಲೇ ಎದ್ದು ಬರ್ಬೇಕಿತ್ತು. ಬರ್ಲಿಲ್ಲ. ದುಡ್ಡು ಕೂಡ ಸಂಸ್ಥೆ ಅಕೌಂಟಿಗಲ್ಲ, ಯಾರೋ ಒಬ್ಬರ ಹೆಸರಿನ ಯುಪಿಐಗೆ ಹಾಕಿಸ್ಕೊಂಡ್ರು, ಬಿಲ್ ಕೇಳಿದ್ರೆ ಟ್ರಿಪ್ ಮುಗಿದ್ಮೇಲೆ ಕೊಡ್ತೀವಿ ಅಂದ್ರು. ಅದಕ್ಕೂ ಸರಿ ಅಂದೆ!

ಹೊರಡೋ ದಿನ ಬೆಳಗ್ಗೆ ಐದೂವರೆಗೆ ಬನಶಂಕರಿ ಹತ್ರ ಬನ್ನಿ ಅಂದಿದ್ರು, ನಾವು ಐದೂಕಾಲಿಗೇ ಅಲ್ಲಿ. ಸೈಕಲ್ ಬಂದಿದ್ದು ಎಂಟು ಗಂಟೆಗೆ, ಹೊರಟಿದ್ದು ಒಂಬತ್ತೂ ಇಪ್ಪತ್ತಕ್ಕೆ. ಸೈಕಲ್ ತುಳಿಯೋರಿಗೆ ಗೊತ್ತು, ಏಪ್ರಿಲ್ಲಲ್ಲಿ ಹತ್ತೂವರೆ ಹನ್ನೊಂದಕ್ಕೆ ಆ ದಿನದ ಸವಾರಿ ಮುಗಿದು ನೆರಳಲ್ಲಿ ಕೂತಿರ್ಬೇಕು. ಇವರು ಶುರು ಮಾಡಿದ್ದೇ ಒಂಬತ್ತೂ ಇಪ್ಪತ್ತಕ್ಕೆ. ಸಪೋರ್ಟ್ ವ್ಯಾನ್ ಅಂದಿದ್ದು ಒಂದು ಪುಟ್ಟ ಗೂಡ್ಸ್ ಗಾಡಿ. ಲೀಡರ್‌ಗಳು ಅಂದ್ರೆ ಇಬ್ರು ಕಾಲೇಜ್ ಹುಡುಗ್ರು. ಸೈಕಲ್‌ಗಳೆಲ್ಲಾ ಒಂದೇ ಸೈಜು, ನಮ್ಮ ಹುಡುಗ ಐದಡಿ ಒಂಬತ್ತಿಂಚು, ಸೀಟು ಎಷ್ಟು ಎತ್ತಿದ್ರೂ ಮೊಣಕಾಲು ಎದೆಗೆ ಬರೋ ಹಂಗಿತ್ತು. ಹಿಂದಿನ ಬ್ರೇಕ್ ಪ್ಯಾಡ್ ಸವೆದು ಕಬ್ಬಿಣ ಕಾಣ್ತಿತ್ತು. ಇದನ್ನ ಬದಲಾಯಿಸಿ ಅಂದೆ, "ಕನಕಪುರದಲ್ಲಿ ಮೆಕ್ಯಾನಿಕ್ ಇದಾನೆ ಸರ್, ಅಲ್ಲಿ ಮಾಡಿಸ್ತೀವಿ" ಅಂದ. ಆಮೇಲೆ ಎಲ್ಲರ ಮೊಬೈಲೂ ಒಂದು ಬ್ಯಾಗಿಗೆ ಹಾಕಿಸ್ಕೊಂಡ್ರು, ಡಿಜಿಟಲ್ ಡಿಟಾಕ್ಸ್ ಅಂತೆ. ಅಲ್ಲಿದ್ದ ಅಪ್ಪ ಅಮ್ಮಂದಿರೆಲ್ಲಾ ಚಪ್ಪಾಳೆ ತಟ್ಟಿದ್ರು ರೀ. ನಾನೂ ತಟ್ಟಿದೆ.

ಈಗ ಅಸಲು ವಿಷಯ. ಎರಡನೇ ದಿನ ಬೆಳಗ್ಗೆ ಹನ್ನೊಂದೂ ನಲವತ್ತಕ್ಕೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ನಾಲ್ಕು ಫೋಟೋ ಬಂತು, "ಗಗನಚುಕ್ಕಿಯಲ್ಲಿ ನಮ್ಮ ಚಾಂಪ್‌ಗಳು!!" ಅಂತ. ಧೋ ಅಂತ ನೀರು, ಮುಂದೆ ಮಕ್ಕಳು ಕೈ ಎತ್ಕೊಂಡು ನಿಂತಿದಾರೆ. ಎಲ್ಲರೂ ಹಾರ್ಟ್ ಹಾಕಿದ್ರು, ನಾನು ಹಾರ್ಟ್ ಹಾಕಿದ್ದಷ್ಟೇ ಅಲ್ಲ, ಭಾವಂಗೆ ಫಾರ್ವರ್ಡ್ ಮಾಡಿ "ನೋಡಿದ್ರಾ ಭಾವ, ಸುಮ್ನೆ ಹೆದರ್ತಿದ್ರಿ" ಅಂತ ಬೇರೆ ಬರ್ದೆ. ಐದು ನಿಮಿಷಕ್ಕೆ ಅಕ್ಕ ಫೋನ್ ಮಾಡಿದ್ಳು. "ಲೋ, ಇದರಲ್ಲಿ ನಮ್ಮವನು ಎಲ್ಲೋ?" ಎಲ್ಲೋ ಹಿಂದೆ ಇರ್ತಾನೆ ಬಿಡೇ ಅಂದೆ. "ಅದಲ್ಲ ಕಣೋ, ಈ ಮಕ್ಕಳು ಯಾಕೆ ರೈನ್‌ಕೋಟ್ ಹಾಕ್ಕೊಂಡಿದಾವೆ?"

ಫೋಟೋ ದೊಡ್ಡದು ಮಾಡಿ ನೋಡಿದೆ. ಹೌದು, ರೈನ್‌ಕೋಟ್. ಏಪ್ರಿಲ್ ಕೊನೇ ವಾರದಲ್ಲಿ ರೈನ್‌ಕೋಟ್. ಆ ನೀರು! ಏಪ್ರಿಲ್ಲಲ್ಲಿ ಗಗನಚುಕ್ಕಿಗೆ ಹೋದೋರು ಹೇಳಿ, ಬಂಡೆ ಬಿಟ್ರೆ ಏನಿರುತ್ತೆ ಅಲ್ಲಿ? ಅಷ್ಟು ನೀರು ನೋಡ್ಬೇಕಂದ್ರೆ ಮಳೆ ಬಿದ್ದು ಕಾವೇರಿ ತುಂಬಿ ಜುಲೈನೋ ಆಗಸ್ಟೋ ಆಗ್ಬೇಕು. ಯಾವುದೋ ಹಳೇ ಬ್ಯಾಚಿನ ಯಾರದೋ ಮಕ್ಕಳ ಫೋಟೋ ಹಾಕಿ ನಮ್ಮ ಚಾಂಪ್‌ಗಳು ಅಂದಿದಾರೆ, ನಾನು ಅದಕ್ಕೆ ಹಾರ್ಟ್ ಹಾಕಿದೀನಿ. ಪೋಸ್ಟರಲ್ಲೂ ಇದೇ ನೀರು ಇತ್ತು ಅನ್ನೋದು ಆಗ ತಲೆಗೆ ಹೋಯ್ತು. ಗ್ರೂಪಲ್ಲಿ ಕೇಳಿದೆ, ಇದು ಯಾವತ್ತಿನ ಫೋಟೋ ಅಂತ. ಗ್ರೂಪನ್ನ ಅಡ್ಮಿನ್ ಓನ್ಲಿ ಮಾಡಿಬಿಟ್ರು! ಫೋನ್ ಮಾಡಿದ್ರೆ ಇಬ್ಬರು ಲೀಡರ್‌ಗಳದ್ದೂ ಸ್ವಿಚ್ ಆಫ್.

ಒಂದೂ ಹತ್ತಕ್ಕೆ ಗೊತ್ತಿಲ್ದಿರೋ ನಂಬರಿಂದ ಫೋನ್. "ಮಾಮಾ ನಾನು" ಅಂದ, ದನಿ ಕೇಳೋಕಾಗ್ತಿರ್ಲಿಲ್ಲ. ಹಲಗೂರಿನ ಒಂದು ಟೀ ಅಂಗಡಿಯೋರ ಫೋನದು. ಗಮನಿಸಿ, ಕನಕಪುರದಿಂದ ಹೋಗ್ವಾಗ ಗಗನಚುಕ್ಕಿ ಬರೋದು ಹಲಗೂರು ದಾಟಿ ಎಷ್ಟೋ ದೂರ ಆದ್ಮೇಲೆ. ಅಂದ್ರೆ ಆ ಫೋಟೋ ಬಂದಾಗ ಮಕ್ಕಳು ಇನ್ನೂ ಸಾತನೂರು ಆಸುಪಾಸಲ್ಲಿ ಬಿಸಿಲಲ್ಲಿ ತುಳೀತಾ ಇದ್ವು.

ನಾನೂ ಭಾವನೂ ಕಾರ್ ತಗೊಂಡು ಹೊರಟ್ವಿ. ಕನಕಪುರ ದಾಟೋವರೆಗೂ ಭಾವ ಒಂದು ಮಾತಾಡ್ಲಿಲ್ಲ. ದಾಟಿದ್ಮೇಲೆ ಒಂದೇ ಕೇಳಿದ್ರು, "ಅವರನ್ನ ನೀನು ಮುಂಚೆ ನೋಡಿದ್ಯಾ?" ಇಲ್ಲ ಭಾವ ಅಂದೆ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಹುಡುಗ ಅಲ್ಲೇ ಒಂದು ಕ್ಲಿನಿಕ್‌ನಲ್ಲಿ ಮಲಗಿದ್ದ, ಗ್ಲೂಕೋಸ್ ಹಾಕಿದ್ರು. ಬಿಸಿಲಿಗೆ ನೀರಿನಂಶ ಕಮ್ಮಿಯಾಗಿದೆ, ಹೆದರ್ಬೇಡಿ ಅಂದ್ರು ಡಾಕ್ಟ್ರು. ದಾರೀಲಿ ಎರಡು ಸಲ ವಾಂತಿ ಮಾಡ್ಕೊಂಡಿದಾನೆ, ತಲೆ ಸುತ್ತಿ ಕೂತಿದಾನೆ, ಲೀಡರ್ ಏನ್ ಮಾಡಿದ ಗೊತ್ತಾ? ಗೂಡ್ಸ್ ಗಾಡೀಲಿ ಕೆಟ್ಟೋಗಿರೋ ಎರಡು ಸೈಕಲ್ ಮಧ್ಯೆ ಕೂರಿಸಿ, ಹಲಗೂರಲ್ಲಿ ಟೀ ಅಂಗಡಿ ಮುಂದೆ ಇಳಿಸಿ, ರೆಸ್ಟ್ ತಗೋ, ಮಿಕ್ಕಿದೋರನ್ನ ಕರ್ಕೊಂಡು ಬರ್ತೀವಿ ಅಂತ ಹೋಗಿದಾನೆ. ಒಆರ್‌ಎಸ್ ಒಂದು ಪ್ಯಾಕೆಟ್ ಇಲ್ಲ ಅವರ ಹತ್ರ. ಬೆಳಗ್ಗೆ ತಿಂಡಿ ನಾಲ್ಕು ಬ್ರೆಡ್ಡು, ಜಾಮು. ಕ್ಲಿನಿಕ್‌ಗೆ ಕರ್ಕೊಂಡೋಗಿದ್ದು ಟೀ ಅಂಗಡಿಯೋರು, ತಮ್ಮ ಬೈಕಲ್ಲಿ ಹಿಂದೆ ಒಬ್ಬರನ್ನ ಕೂರಿಸ್ಕೊಂಡು ಹಿಡ್ಕೊಳ್ಳಕ್ಕೆ ಹೇಳಿ. ದುಡ್ಡು ಕೊಡಕ್ಕೆ ಹೋದ್ರೆ ಮುಟ್ಲಿಲ್ಲ. "ಏನ್ ಸಾ, ಈ ಬಿಸ್ಲಲ್ಲಿ ಮಕ್ಕಳ್ ಕೈಲಿ ಸೈಕಲ್ ತುಳುಸ್ತಾವ್ರಲ್ಲ, ಬುದ್ಧಿ ಬ್ಯಾಡ್ವಾ ಇವ್ರ್ಗೆ?" ಅಂದ್ರು. ನನ್ನನ್ನೂ ಸೇರಿಸಿ ಹೇಳಿದ್ರೋ ಏನೋ, ನಾನಂತೂ ಸೇರಿಸ್ಕೊಂಡೆ.

ಬ್ರೇಕು? ಕನಕಪುರದಲ್ಲಿ ಯಾವ ಮೆಕ್ಯಾನಿಕ್ಕೂ ಇರ್ಲಿಲ್ಲ. ಇಳಿಜಾರಲ್ಲಿ ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸ್ತಿದ್ನಂತೆ. ಲಾರಿ ಓಡಾಡೋ ರೋಡು ಅದು.

ಇನ್ನು ಅವರ ಉತ್ತರಗಳು, ಇದನ್ನ ಓದಿ ನೀವೂ ಸ್ವಲ್ಪ ಉರ್ಕೊಳ್ಳಿ. ಮೊದಲು "ಸಾರಿ ಸರ್, ನಿಮ್ಮ ಹುಡುಗನ ಫಿಟ್‌ನೆಸ್ ಇಶ್ಯೂ ಅನ್ಸುತ್ತೆ" ಅಂದ್ರು. ಅವನು ಸ್ಕೂಲಲ್ಲಿ ಕಬಡ್ಡಿ ಆಡೋನು ಅಂದೆ. "ಅಡ್ವೆಂಚರ್ ಅಂದ್ಮೇಲೆ ಸ್ವಲ್ಪ ಕಷ್ಟ ಇರುತ್ತೆ ಸರ್, ಮಕ್ಕಳು ಅದರಿಂದಾನೇ ಕಲಿಯೋದು." ಫೋಟೋ ಬಗ್ಗೆ ಕೇಳಿದೆ. "ಅದು ರೆಪ್ರೆಸೆಂಟೇಟಿವ್ ಇಮೇಜ್ ಸರ್." ನಮ್ಮ ಚಾಂಪ್‌ಗಳು ಅಂತ ಬರ್ದಿದೀರಲ್ರೀ! "ಅವರೂ ನಮ್ಮ ಚಾಂಪ್‌ಗಳೇ ಸರ್." ಏನ್ ಹೇಳ್ತೀರಾ ಇದಕ್ಕೆ? ದುಡ್ಡು ವಾಪಸ್ ಕೇಳಿದ್ರೆ ನೀವೇ ಮಧ್ಯದಲ್ಲಿ ಕರ್ಕೊಂಡೋಗಿದ್ದು, ಪಾಲಿಸಿ ಪ್ರಕಾರ ರಿಫಂಡ್ ಇಲ್ಲ, ಬೇಕಾದ್ರೆ ಮಳೆಗಾಲದ ಟ್ರೆಕ್‌ಗೆ 3,000 ರೂಪಾಯಿ ಕ್ರೆಡಿಟ್ ಕೊಡ್ತೀವಿ ಅಂತ. ಕೊನೆಗೆ ನಾನು ಸೈನ್ ಹಾಕಿದ ಫಾರ್ಮ್ ಕಳಿಸಿದ್ರು, ಏನೇ ಆದ್ರೂ ಸಂಸ್ಥೆ ಜವಾಬ್ದಾರಿ ಅಲ್ಲ ಅಂತ ಅದರಲ್ಲಿದೆ. ಸೈನ್ ಹಾಕಿಸ್ಕೊಂಡ್ರು ಅಂದ ಮಾತ್ರಕ್ಕೆ ಅವರ ನಿರ್ಲಕ್ಷ್ಯ ಎಲ್ಲಾ ಮಾಫಿ ಆಗಲ್ಲ, ಹೆದರ್ಬೇಡ ಅಂದ ವಕೀಲ ಸ್ನೇಹಿತ. 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೀನಿ, ಅದು ಗ್ರಾಹಕರ ಸಹಾಯವಾಣಿ. ಅಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, ಕೊಟ್ಟಿರೋ ದುಡ್ಡು 5 ಲಕ್ಷದೊಳಗೆ ಇದ್ರೆ ಅರ್ಜಿಗೆ ಫೀಸ್ ಇಲ್ಲ. 12,500ಕ್ಕೆ ಇಷ್ಟೆಲ್ಲಾ ಯಾಕೆ ಅಂತ ಆಫೀಸಲ್ಲಿ ಒಬ್ರು ಕೇಳಿದ್ರು. ದುಡ್ಡಿಗಲ್ಲ ಸ್ವಾಮಿ, ಆ ಹಾರ್ಟಿಗೆ.

ನೀವು ಕಳಿಸೋದಾದ್ರೆ ಹಿಂದಿನ ದಿನಾನೇ ಸೈಕಲ್ ತೋರಿಸಿ ಅನ್ನಿ, ಮಗು ಹತ್ತಿ ಕೂತು ಬ್ರೇಕ್ ಹಿಡಿದು ನೋಡ್ಲಿ. ಬಿಲ್ ಇಲ್ದೆ ದುಡ್ಡು ಕೊಡ್ಬೇಡಿ. ಒಂಬತ್ತು ಗಂಟೆಗೆ ಹೊರಡ್ತೀವಿ ಅಂದ್ರೆ ಮಗುನ ವಾಪಸ್ ಕರ್ಕೊಂಡ್ಬನ್ನಿ, ನಾಚ್ಕೊಬೇಡಿ. ಫೋನ್ ಕಿತ್ಕೊಳ್ಳೋರನ್ನಂತೂ ನಂಬ್ಲೇಬೇಡಿ, ಮಕ್ಕಳಿಗೆ ಮನೆಯೋರ ಎರಡು ನಂಬರ್ ಬಾಯಿಪಾಠ ಮಾಡಿಸಿ. ನಮ್ಮವನಿಗೆ ಬಾಯಿಗೆ ಬರ್ತಿದ್ದಿದ್ದು ನನ್ನ ನಂಬರ್ ಒಂದೇ.

ಇದೆಲ್ಲಾ ಬರೆಯೋಕೆ ಕೂತಿದ್ದು ನಿನ್ನೆ ಅವರ ಹೊಸ ಪೋಸ್ಟರ್ ನೋಡಿ. ಮಳೆಗಾಲದ ಬ್ಯಾಚ್ ಬುಕಿಂಗ್ ಓಪನ್ ಅಂತೆ. ತೆಗೀರಿ ಅದನ್ನ ಅಂತ ಮೆಸೇಜ್ ಮಾಡಿದೆ, "ಫಾರ್ಮ್‌ನಲ್ಲಿ ಫೋಟೋಗೆ ಒಪ್ಪಿಗೆ ಕೊಟ್ಟಿದೀರಲ್ಲ ಸರ್" ಅಂದ್ರು. ನಿಮ್ಮ ಫೋನಿಗೂ ಅದು ಬಂದಿದ್ರೆ ನೋಡಿ, ಎಡಗಡೆ ಕೊನೇಲಿ ನೀಲಿ ಹೆಲ್ಮೆಟ್ ಹಾಕ್ಕೊಂಡು ಹೆಬ್ಬೆರಳು ಎತ್ತಿ ನಗ್ತಿರೋ ಉದ್ದ ಹುಡುಗ ನಮ್ಮವನು. ಬನಶಂಕರಿಯಲ್ಲಿ ತೆಗೆದಿದ್ದು, ಹಲಗೂರಿನ ಹಿಂದಿನ ದಿನ.